ಸಜ್ಜದ ಮೇಲಿನ ಕನಕಾಂಬರ

ಕನಕಾಂಬರದ ಹೂವು ಕಂಡರೆ ಅಂಗೈ ಬೆವರುವವರು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಹಾವಿಗೆ ಹೆದರುವವರಿಗೆ ಒಂದು ಮರ್ಯಾದೆ ಇದೆ. ಜಿರಲೆಗೆ ಹೆದರುವವರಿಗೂ ಮನೆಯಲ್ಲಿ ಯಾರಾದರೊಬ್ಬರು ಪೊರಕೆ ಹಿಡಿದು ಬರುತ್ತಾರೆ. ಹೂವಿಗೆ ಹೆದರುತ್ತೇನೆ ಅಂತ ಯಾರ ಹತ್ತಿರ ಹೇಳಿಕೊಳ್ಳುವುದು? ಮೊನ್ನೆ ಬನಶಂಕರಿ ದೇವಸ್ಥಾನದ ಮುಂದೆ ಹೂವು ಮಾರುವವಳು ಕನಕಾಂಬರದ ದಂಡೆಯನ್ನು ನನ್ನ ಮೂಗಿನ ಕೆಳಗೇ ಹಿಡಿದಳು.

"ಎಷ್ಟು ಮೊಳ ಕೊಡ್ಲಿ ಮೇಡಂ? ಈಗ್ತಾನೆ ಕಟ್ಟಿದ್ದು."

ನಾನು ಅವಳ ಗಾಡಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಯಾಕ್ ಮೇಡಂ, ತಲೆ ಸುತ್ತು ಬಂತಾ? ಬಿಪಿನಾ?"

"ಇಲ್ಲಮ್ಮ. ನಮ್ಮತ್ತೆ ಜ್ಞಾಪಕ ಬಂದ್ರು."

"ಓ..." ಅಂದಳು. ಆ ಒಂದು ಓ ಒಳಗೆ ಒಂದು ಸಂಸಾರವೇ ಇತ್ತು. ಮೊಳದ ಮೇಲೆ ಒಂದು ಗೇಣು ಜಾಸ್ತಿ ಅಳೆದು ಕತ್ತರಿಸಿ ಕೊಟ್ಟಳು. ಅವಳು ಅಂದುಕೊಂಡ ಕಥೆ ಬೇರೆ, ನಡೆದ ಕಥೆ ಬೇರೆ. ನಿಮಗಾದರೂ ಸರಿಯಾಗಿ ಹೇಳಿಬಿಡುತ್ತೇನೆ.

ಮೊದಲೇ ಹೇಳಬೇಕು, ಹೂವಿನದು ಏನೂ ತಪ್ಪಿಲ್ಲ. ಇಷ್ಟು ಸಾಧು ಹೂವು ಇನ್ನೊಂದಿಲ್ಲ. ಮಲ್ಲಿಗೆ ಮುಡಿದು ಬಸ್ಸು ಹತ್ತಿದರೆ ಡ್ರೈವರಿಗೂ ಗೊತ್ತಾಗುತ್ತದೆ. ಕನಕಾಂಬರಕ್ಕೆ ವಾಸನೆಯೇ ಇಲ್ಲ. ತೂಕವೂ ಇಲ್ಲ, ಮುಡಿದವಳಿಗೇ ಮುಡಿದದ್ದು ಮರೆತುಹೋಗುತ್ತದೆ. ಬಣ್ಣ ಮಾತ್ರ, ಯಾರೋ ಕಿತ್ತಳೆ ಹಣ್ಣಿಗೆ ಕೇಸರಿ ಅರೆದು ಹಚ್ಚಿದ ಹಾಗೆ. ನಾನು ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವಳು. ಈ ಗಿಡದ ಕುಲಕ್ಕೆ ಕ್ರಾಸಾಂಡ್ರ ಅಂತ ಹೆಸರು, ಗ್ರೀಕ್ ಮಾತಿನಲ್ಲಿ ಕುಚ್ಚಿರುವ ಗಂಡು ಅಂತ ಅರ್ಥ, ಇದರ ಕೇಸರಗಳಿಗೆ ಸಣ್ಣ ಕುಚ್ಚಿನ ಅಂಚಿರುತ್ತದೆ ಅಂತ ನಮ್ಮ ಮೇಡಂ ಪಾಠ ಮಾಡಿದ ದಿನ, ಮೇಡಂ ಜಡೆಯ ತುದಿಯ ಕುಚ್ಚು ನೋಡಿಕೊಂಡು ಇಡೀ ಹಿಂದಿನ ಬೆಂಚು ಕಿಸಿಕಿಸಿ ನಕ್ಕಿತ್ತು. ಆಡುಸೋಗೆ, ಸ್ಫಟಿಕದ ಹೂವು ಎಲ್ಲ ಇದರ ದಾಯಾದಿಗಳಂತೆ. ಆಫ್ರಿಕಾದಲ್ಲೂ ಮಡಗಾಸ್ಕರಿನಲ್ಲೂ ಇದರ ಒಡಹುಟ್ಟಿದವರಿದ್ದಾರಂತೆ. ಅಲ್ಲಿ ಅವನ್ನು ಕಟ್ಟಿ ಮುಡಿಯುವವರು ಇದ್ದಾರೋ ಇಲ್ಲವೋ, ಪಾಪ. ಇಷ್ಟೆಲ್ಲ ಓದಿ ನಾನು ಸೇರಿದ್ದು ವಿಮಾ ಕಚೇರಿಗೆ. ಮನೆಯಲ್ಲಿ ಜಾರಿ ಬಿದ್ದವರ, ಮೆಟ್ಟಿಲಿನಿಂದ ಉರುಳಿದವರ ಕ್ಲೇಮುಗಳು ಬರುವುದು ನನ್ನ ಮೇಜಿಗೇ. ವಯಸ್ಸಾದವರ ಸೊಂಟದ ಮೂಳೆ ಅನ್ನುವ ಮಾತು ಕೇಳಿದರೆ ಸಾಕು, ಮುಂದಿನ ಆರು ತಿಂಗಳು ಆ ಮನೆಯಲ್ಲಿ ಏನಾಗುತ್ತದೆ ಅಂತ ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ಇನ್ನು ನಮ್ಮತ್ತೆ. ಎಪ್ಪತ್ತು ದಾಟಿದ್ದಾರೆ. ಗಿಡ್ಡಗೆ, ತೆಳ್ಳಗೆ, ಬೆಳಗಾಗೆದ್ದು ತಲೆ ಬಾಚಿ ಹೂವು ಮುಡಿದಮೇಲೇ ಕಾಫಿಗೆ ನೀರಿಡುವವರು. ಮಾವ ಹೋದ ಹದಿನೈದನೇ ದಿನವೂ ಹಾಗೇ ಮುಡಿದರು. ನೆಂಟರೊಬ್ಬರು ತಡೆಯಲಾರದೆ, "ಇನ್ನೂ ಹೂವೆಲ್ಲ ಯಾಕೆ ರಾಜಮ್ಮ?" ಅಂದಿದ್ದಕ್ಕೆ ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ. "ಹೂವು ನಾನು ಚಿಕ್ಕೋಳಿದ್ದಾಗಿಂದ ಮುಡೀತಿದೀನಿ. ಅವರು ಬಂದಿದ್ದು ಆಮೇಲೆ." ಆ ನೆಂಟರು ಆಮೇಲೆ ನಮ್ಮ ಮನೆಯಲ್ಲಿ ಊಟದ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ.

ಮನೆ ಬನಶಂಕರಿ ಎರಡನೇ ಹಂತದಲ್ಲಿ. ಕೆಳಗಿನದು ಮಾವ ಕಟ್ಟಿಸಿದ್ದು, ಮೇಲಿನ ಮಹಡಿ ನಾವು ಎಬ್ಬಿಸಿದ್ದು. ಮಾವನ ಕಾಲದ ತಾರಸಿ ಗೋಡೆಗಿಂತ ಒಂದೂವರೆ ಅಡಿ ಹೊರಗೆ ಚಾಚಿಕೊಂಡಿದೆ. ನಾವು ಗೋಡೆಯ ಮೇಲೆ ಗೋಡೆ ಕಟ್ಟಿದ್ದರಿಂದ ಆ ಚಾಚು ನಮ್ಮ ಮಲಗುವ ಕೋಣೆಯ ಕಿಟಕಿಯ ಹೊರಗೆ ಒಂದು ಸಣ್ಣ ಕಾಲುದಾರಿಯ ಹಾಗೆ ಉಳಿದುಬಿಟ್ಟಿದೆ. ಮನೆಯಲ್ಲಿ ಅದನ್ನು ಸಜ್ಜ ಅನ್ನುತ್ತೇವೆ. ಅದಕ್ಕೆ ಅಂಚುಗೋಡೆ ಇಲ್ಲ. ಕೆಳಗೆ ಕಲ್ಲು ಚಪ್ಪಡಿಯ ಅಂಗಳ, ನನ್ನ ಗಂಡ ಶ್ರೀಧರನ ಬೈಕು, ಮೊನೆ ಮೊನೆಯ ಗೇಟು. ಕಿಟಕಿಯ ಪಕ್ಕಕ್ಕೆ ಬಾಲ್ಕನಿ. ಬಾಲ್ಕನಿಗೂ ಕಿಟಕಿಯ ಗ್ರಿಲ್ಲಿಗೂ ನಡುವೆ ಎರಡು ಹೆಜ್ಜೆಯಷ್ಟು ಬರೀ ಗೋಡೆ. ಹಿಡಿದುಕೊಳ್ಳಲು ಏನೂ ಇಲ್ಲ. ಆ ಎರಡು ಹೆಜ್ಜೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನಗೆ ಮರೆಯುವುದು ಸಾಧ್ಯವಾಗಿಲ್ಲ.

ಈ ಸಜ್ಜದ ಮೇಲೆ, ಕಿಟಕಿಯ ಆಚೆ ತುದಿಯಲ್ಲಿ ಮಳೆನೀರಿನ ಪೈಪಿನ ಬುಡಕ್ಕೆ, ಯಾರೂ ನೆಡದೆ ಒಂದು ಕನಕಾಂಬರದ ಗಿಡ ಹುಟ್ಟಿತ್ತು. ನಮ್ಮ ಮಹಡಿಯ ಮೇಲಿನ ತಾರಸಿಯಲ್ಲಿ ಅತ್ತೆಯ ಕುಂಡಗಳಿದ್ದವು. ಒಂದರಲ್ಲಿ ಡೆಲ್ಲಿ ಕನಕಾಂಬರ, ಇನ್ನೊಂದರಲ್ಲಿ ನಾಟಿ. ಡೆಲ್ಲಿಯದು ಬಣ್ಣಕ್ಕೆ ಮಾತ್ರ ಜೋರು, ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ನಾಟಿ ಗಿಡ ಹೋದ ಬೇಸಿಗೆಯಲ್ಲಿ ಒಣಗಿ ಸತ್ತಿತು. ಆದರೆ ಸಾಯುವ ಮೊದಲು ತನ್ನ ಕೆಲಸ ಮುಗಿಸಿತ್ತು.

ಆ ಕೆಲಸ ಏನು ಅಂತ ನನಗೆ ಕಾಲೇಜಿಗಿಂತ ಮೊದಲೇ ಗೊತ್ತು. ನಮ್ಮಜ್ಜಿಯ ಮನೆ ವಸಂತಪುರದಲ್ಲಿತ್ತು. ಈಗ ಅಪಾರ್ಟ್‌ಮೆಂಟಿನ ಈಜುಕೊಳ ಇರುವ ಜಾಗದಲ್ಲಿ ಆಗ ಅಜ್ಜಿಯ ಕನಕಾಂಬರದ ತೋಟ. ರಜೆಗೆ ಹೋದ ನಾವು ಮೊಮ್ಮಕ್ಕಳು ಒಣಗಿದ ಹೂಗೊಂಚಲಿನಿಂದ ಕಂದು ಬಣ್ಣದ ಕಾಯಿ ಬಿಡಿಸಿ, ಎಂಜಲು ಹಚ್ಚಿ, ಯಾರದಾದರೂ ಅಂಗಿಯ ಕಾಲರಿನೊಳಗೆ ಬಿಡುತ್ತಿದ್ದೆವು. ಒಂದರಿಂದ ಹತ್ತು ಎಣಿಸುವಷ್ಟರಲ್ಲಿ 'ಟಪ್' ಅಂತ ಸಿಡಿಯುತ್ತಿತ್ತು. ಒಮ್ಮೆ ಪೂಜೆಗೆ ಕೂತಿದ್ದ ಚಿಕ್ಕಪ್ಪನ ಬೆನ್ನಿಗೆ ಬಿಟ್ಟಿದ್ದೆ. ಅವರು ಮಂತ್ರದ ನಡುವೆ ಹಾರಿದ ಎತ್ತರ ನೋಡಿ ಅಜ್ಜಿ, "ದೇವರು ಬಂದ್ರು ಅಂದ್ಕೊಂಡೆ ಕಣೋ," ಅಂದಿದ್ದರು. ಒಣಗಿದ ತೋಟದ ಮೇಲೆ ಮೊದಲ ಮಳೆ ಬಿದ್ದರಂತೂ ಇಡೀ ಹೊಲ ಟಪಟಪ ಅನ್ನುತ್ತಿತ್ತು. ಸಾಸಿವೆ ಒಗ್ಗರಣೆ ಹಾಕಿದ ಹಾಗೆ. ಗಿಡ ತನ್ನ ಮಕ್ಕಳನ್ನು ಮಾರುದೂರ ಎಸೆಯುವ ಬಗೆ ಅದು. ತಾರಸಿಯ ಕುಂಡದಿಂದ ಹಾಗೆ ಹಾರಿದ ಒಂದು ಬೀಜ ಸಜ್ಜದ ಧೂಳಿಗೆ ಬಿದ್ದು, ಪೈಪಿನ ನೀರು ಕುಡಿದು, ಕುಂಡದಲ್ಲಿದ್ದ ತಾಯಿಗಿಡ ಕಾಣದ ಭಾಗ್ಯ ಕಂಡಿತು. ಮೈತುಂಬ ಹೂವು.

ಗ್ರಿಲ್ಲಿನೊಳಗಿಂದ ಕೈ ಹಾಕಿದರೆ ಎಲೆ ತಾಕುತ್ತದೆ, ಹೂವು ಸಿಗುವುದಿಲ್ಲ. ಅತ್ತೆ ಅದನ್ನು ನೋಡುತ್ತಾ ನಿಲ್ಲುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಅವರ ತಲೆಯಲ್ಲಿ ಪೇಟೆಯಲ್ಲಿ ಸಿಗದ ತಿಳಿ ಕೇಸರಿ ಬಣ್ಣದ ದಂಡೆ ಕಾಣಿಸಿಕೊಂಡಿತು.

"ಎಷ್ಟು ಚೆನ್ನಾಗಿದೆ ಅತ್ತೆ, ಎಲ್ಲಿ ತಂದ್ರಿ?"

"ಎಲ್ಲೋ ಸಿಕ್ತು. ನಿನಗೂ ಒಂಚೂರು ಕೊಡ್ತೀನಿ, ಆಫೀಸಿಗೆ ಮುಡ್ಕೊಂಡು ಹೋಗು."

ನಾನೂ ಮುಡಿದುಕೊಂಡು ಹೋದೆ. ಆಫೀಸಿನಲ್ಲಿ ಎಲ್ಲರೂ ಹೊಗಳಿದರು. ಸಸ್ಯಶಾಸ್ತ್ರ ಓದಿದವಳು, ಸೊಂಟದ ಮೂಳೆಯ ಪಂಡಿತೆ, ಆ ಹೂವು ಎಲ್ಲಿಯದು ಅಂತ ಒಂದು ಸಲವೂ ಯೋಚಿಸಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಕೊತ್ತಂಬರಿ ಸೊಪ್ಪು ತರಲು ಹೋದವಳು ಗೇಟಿನ ಹತ್ತಿರ ಬಂದು ತಲೆ ಎತ್ತಿದೆ. ಸಜ್ಜದ ಅಂಚಿನಲ್ಲಿ ಎರಡು ಪಾದ ಕಂಡವು. ಎತ್ತಿ ಕಟ್ಟಿದ ಸೀರೆ. ಹಲ್ಲಿನಲ್ಲಿ ಕಚ್ಚಿ ಹಿಡಿದ ಪ್ಲಾಸ್ಟಿಕ್ ಕವರು. ಒಂದು ಕೈ ಗ್ರಿಲ್ಲಿನ ಮೇಲೆ, ಇನ್ನೊಂದು ಕೈ ಆರಾಮವಾಗಿ ಹೂವು ಬಿಡಿಸುತ್ತಿದೆ.

ನಾನು ಕೂಗಲಿಲ್ಲ. ಕೂಗಿದರೆ ಬೆಚ್ಚಿ ಬಿದ್ದಾರು. ಚಪ್ಪಲಿ ಬಿಟ್ಟು, ಸೊಪ್ಪು ಬಿಟ್ಟು, ಮೆಟ್ಟಿಲು ಹತ್ತಿ ಬಾಲ್ಕನಿಗೆ ಓಡಿದೆ. ಅಲ್ಲಿ ನೋಡಿದರೆ ತಯಾರಿಯೇ ತಯಾರಿ. ಈಚೆಗೆ ಪ್ಲಾಸ್ಟಿಕ್ ಕುರ್ಚಿ, ಬಾಲ್ಕನಿಯ ಗೋಡೆಯ ಆಚೆಗೆ ಬೋರಲು ಹಾಕಿದ ಪೈಂಟಿನ ಡಬ್ಬ. ಹತ್ತಲು ಒಂದು, ಇಳಿಯಲು ಒಂದು. ಇದು ಮೊದಲ ಸಲದ ಏರ್ಪಾಡಲ್ಲ ಅನ್ನುವುದು ನನಗೆ ಆಗ ಹೊಳೆಯಿತು. ನಾನು ಮುಡಿದ ದಂಡೆಗಳೆಲ್ಲ ಒಂದೊಂದಾಗಿ ತಲೆಯ ಮೇಲೆ ಭಾರವಾದವು.

"ಅತ್ತೆ," ಅಂದೆ, ಆದಷ್ಟು ಮೆಲ್ಲಗೆ.

ಅತ್ತೆ ಕವರನ್ನು ಬಾಯಿಂದ ಕೈಗೆ ತೆಗೆದುಕೊಂಡರು. "ಬಂದ್ಯಾ? ಕೊತ್ತಂಬರಿ ಸಿಕ್ತಾ?"

"ಸಿಕ್ತು. ನೀವು ಈ ಕಡೆ ಬನ್ನಿ."

"ಬರ್ತೀನಿ, ಯಾಕ್ ಹಂಗೆ ಬಿಳಿಚ್ಕೊಂಡಿದೀಯ?"

ಆ ಎರಡು ಹೆಜ್ಜೆಯನ್ನು ದಾಟಿ ಬಂದು ಡಬ್ಬದ ಮೇಲೆ ಕಾಲಿಟ್ಟರು. ಡಬ್ಬ ಓಲಾಡಿತು. ಅವರು ಕಾಲು ಹಿಂದಕ್ಕೆ ತೆಗೆದರು, ಡಬ್ಬ ಉರುಳಿತು, ಅಂಚು ದಾಟಿತು. ಕೆಳಗಿನ ಚಪ್ಪಡಿಯ ಮೇಲೆ ಬಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಕುಕ್ಕರು ಕೂಗಿದರೆ, ಆಫೀಸಿನಲ್ಲಿ ಯಾರಾದರೂ ಫೈಲು ಕುಕ್ಕಿದರೆ, ನನಗೆ ಮೊದಲು ಕಾಣುವುದು ಬರಿಗಾಲಿನ ಎರಡು ಪಾದ, ಅದರ ಪಕ್ಕ ಖಾಲಿ ಜಾಗ.

ಡಬ್ಬ ಬಿದ್ದಾಗ ಅತ್ತೆ ಗೋಡೆಗೆ ಬೆನ್ನು ಒತ್ತಿಕೊಂಡು, ಮತ್ತೆ ಗ್ರಿಲ್ಲಿನ ಕಡೆ ಸರಿದು, ಸರಳು ಹಿಡಿದುಕೊಂಡಿದ್ದರು. ನಾನು ಬಾಲ್ಕನಿಯಿಂದ ಅರ್ಧ ಮೈ ಹೊರಗೆ ಚಾಚಿ, ಎರಡೂ ಕೈ ಅವರ ಕಡೆ ನೀಡಿದ್ದೆ. ಸದ್ದಿಗೆ ಎದುರು ಮನೆಯ ಶೇಷಗಿರಿ ಅಂಕಲ್ ಹೊರಗೆ ಬಂದರು. ಅವರಿಗೆ ಕಂಡದ್ದು ಇಷ್ಟು: ಸಜ್ಜದ ಮೇಲೆ ಅತ್ತೆ, ಹಿಂದೆ ಕೈ ಚಾಚಿದ ಸೊಸೆ.

"ವೀಣಾ! ತಳ್ಬೇಡಮ್ಮಾ! ಏನಿದ್ರೂ ಕೂತು ಮಾತಾಡಣ!"

"ಅಂಕಲ್, ನಾನು ಹಿಡ್ಕೊಳ್ತಾ ಇದೀನಿ!"

"ಹಿಡ್ಕೊ, ಹಿಡ್ಕೊ! ರಾಜಮ್ಮನೋರೇ, ಅಲ್ಲಾಡ್ಬೇಡಿ, ನಾನಿದೀನಿ!" ಅಂದವರು ಒಳಗೆ ಓಡಿ ಕೊಡೆ ತಂದು, ನಮ್ಮ ಗೇಟಿನೊಳಗೆ ಬಂದು, ಅತ್ತೆಯ ಸರಿ ಕೆಳಗೆ ಕೊಡೆ ಬಿಚ್ಚಿ ತಲೆಕೆಳಗಾಗಿ ಹಿಡಿದು ನಿಂತರು. ಅತ್ತೆ ಬಿದ್ದರೆ ಅದರಲ್ಲಿ ಹಿಡಿಯುವ ಉದ್ದೇಶ.

"ಶೇಷಗಿರಿಗಳೇ, ಮುಖ ಆ ಕಡೆ ಮಾಡ್ಕೊಳಿ. ಸೀರೆ ಎತ್ತಿ ಕಟ್ಟಿದೀನಿ," ಅಂದರು ಅತ್ತೆ.

ಅಂಕಲ್ ತಟ್ಟನೆ ಬೆನ್ನು ತಿರುಗಿಸಿದರು, ಕೊಡೆ ಮಾತ್ರ ಹಿಂದಕ್ಕೆ ಹಿಡಿದುಕೊಂಡೇ.

ಕಿಟಕಿಯೊಳಗೆ ಶ್ರೀಧರ ಶನಿವಾರದ ನಿದ್ದೆಯಲ್ಲಿದ್ದ. ಅತ್ತೆ ಗಾಜು ತಟ್ಟಿದರು. ಪರದೆ ಸರಿಯಿತು. ಮಹಡಿಯ ಕಿಟಕಿಯ ಹೊರಗೆ ನಿಂತ ತಾಯಿಯನ್ನು ನೋಡಿ ಅವನು ಕಣ್ಣುಜ್ಜಿಕೊಂಡು, ಪರದೆಯನ್ನು ಮತ್ತೆ ಮುಚ್ಚಿದ. ಆಮೇಲೆ ಒಂದೇ ಸಲಕ್ಕೆ ಪರದೆ, ಕಿಟಕಿ, ಬಾಯಿ ಮೂರೂ ತೆರೆದ.

"ಅಮ್ಮಾ! ಅಲ್ಲೇನ್ ಮಾಡ್ತಿದೀಯ?"

"ನಿಂತಿದೀನಿ. ಏಳೋ, ಗಂಟೆ ಎಷ್ಟಾಯ್ತು."

ಅವನು ಸರಳಿನ ಸಂದಿಯಿಂದ ಅವರ ಮುಂಗೈ ಹಿಡಿದುಕೊಂಡ. ನಾನು ದೇವರಮನೆಯ ಮರದ ಸ್ಟೂಲು ತಂದು, ಬಾಲ್ಕನಿಯ ಗೋಡೆಯ ಆಚೆಗೆ ಇಳಿಸಿ, ಅದು ಅಲ್ಲಾಡುವುದಿಲ್ಲ ಅಂತ ಒತ್ತಿ ಒತ್ತಿ ನೋಡಿದೆ. ಉಳಿದದ್ದು ಆ ಎರಡು ಹೆಜ್ಜೆ. ಶ್ರೀಧರನ ಕೈ ಬಿಡಬೇಕು, ನನ್ನ ಕೈ ಸಿಗಬೇಕು, ನಡುವೆ ಯಾರ ಕೈಯೂ ಇಲ್ಲ.

"ಆ ಕವರ್ ಬಿಸಾಕಿ ಅತ್ತೆ, ಎರಡೂ ಕೈ ಕೊಡಿ!"

"ಕವರ್ ವಿಷಯ ನನಗೆ ಬಿಡು. ನೀನು ನಿನ್ ಕೈ ನೋಡ್ಕೊ."

ಒಂದು ಹೆಜ್ಜೆ ಇಟ್ಟರು. ಗಾಳಿ ಬೀಸಿತೋ ನನಗೆ ಹಾಗನಿಸಿತೋ, ಸೆರಗು ಹಾರಿತು. ಇನ್ನೊಂದು ಹೆಜ್ಜೆ. ಅವರ ಬೆರಳು ನನ್ನ ಬೆರಳಿಗೆ ತಾಕಿದವು, ಮಣಿಕಟ್ಟು ಸಿಕ್ಕಿತು, ನಾನು ಹಿಡಿದ ಹಿಡಿತಕ್ಕೆ ಅವರ ಕೈಯಲ್ಲಿ ಬಳೆಯ ಗುರುತು ಒಂದು ವಾರ ಇತ್ತು. ಸ್ಟೂಲು ಹತ್ತಿ, ಗೋಡೆ ದಾಟಿ, ಕುರ್ಚಿಯ ಮೇಲೆ ಇಳಿದು, ಕುರ್ಚಿಯಿಂದ ನೆಲಕ್ಕೆ ಇಳಿದರು. ಓಡಿ ಬಂದ ಶ್ರೀಧರನೂ ನಾನೂ ಅಲ್ಲೇ ನೆಲಕ್ಕೆ ಕುಸಿದು ಕೂತೆವು. ಅತ್ತೆ ನಿಂತೇ ಇದ್ದರು. ಕವರಿನೊಳಗೆ ಇಣುಕಿ, "ಒಂದೂ ನಲುಗಿಲ್ಲ," ಅಂದರು.

ಕೆಳಗಿನಿಂದ ಕೂಗು ಬಂತು. "ಈಗ ತಿರುಗಬಹುದಾ?"

ಆವತ್ತೇ ಮಧ್ಯಾಹ್ನ ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿದೆ. ಬೀಗದ ಕೈ ನನ್ನ ಬ್ಯಾಗಿಗೆ ಸೇರಿತು. ಅತ್ತೆ ಜಗಳ ಆಡಲಿಲ್ಲ. ಜಗಳ ಆಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಮಾರನೆಯ ಬೆಳಿಗ್ಗೆ ತಲೆ ಬಾಚಿಕೊಂಡು, ಹೂವು ಮುಡಿಯದೆ ಕಾಫಿ ಕೊಟ್ಟರು. ಅದರ ಮಾರನೆಯ ದಿನವೂ ಹಾಗೇ. ನಾನು ಪೇಟೆಯಿಂದ ಮಲ್ಲಿಗೆ ತಂದೆ, ದೇವರಿಗೆ ಹಾಕಿದರು. ಸೇವಂತಿಗೆ ತಂದೆ, ಬಾಗಿಲಿಗೆ ಹಾಕಿದರು. ಮಾವ ಸತ್ತಾಗ ಯಾರ ಮಾತಿಗೂ ಬಗ್ಗದ ತಲೆ ಈಗ ನನ್ನ ಒಂದು ಬೀಗಕ್ಕೆ ಬೋಳಾಗಿ ನಿಂತಿತ್ತು. ಶ್ರೀಧರ ಅಡುಗೆಮನೆಗೆ ಬಂದು ಪಿಸುಗುಟ್ಟಿದ. "ಅಮ್ಮನ್ನ ಹಿಂಗೆ ನೋಡಕ್ಕಾಗಲ್ಲ ಕಣೇ."

"ಸಜ್ಜದ ಮೇಲೆ ನೋಡಕ್ಕಾಗತ್ತಾ?"

ಅವನು ಸಿಂಕಿನಲ್ಲಿದ್ದ ಲೋಟ ತೊಳೆದಿಟ್ಟು ಹೊರಟುಹೋದ. ಬೀಗ ತೆಗೆದರೆ ಅತ್ತೆ ಬೀಳಬಹುದು. ತೆಗೆಯದಿದ್ದರೆ ಅತ್ತೆ ಉಳಿಯುತ್ತಾರೆ, ಆದರೆ ಉಳಿದವರು ನಮ್ಮತ್ತೆಯ ಹಾಗಿರುವುದಿಲ್ಲ.

ಗಿಡವನ್ನೇ ಕಿತ್ತು ಕುಂಡಕ್ಕೆ ಹಾಕಿಸೋಣ ಅಂದೆ. "ಕಿತ್ರೆ ಸಾಯತ್ತೆ. ಅದಕ್ಕೆ ಆ ಜಾಗ ಒಗ್ಗಿದೆ," ಅಂದರು. ಅಷ್ಟು ವಾರಗಳಲ್ಲಿ ಅವರು ನನ್ನ ಜೊತೆ ಆಡಿದ ಅತಿ ಉದ್ದದ ಮಾತು ಅದು. ಅದಾದ ಕೆಲವು ದಿನಕ್ಕೆ, ಮೋಡ ಕವಿದ ಒಂದು ಭಾನುವಾರ, ಕಿಟಕಿಯ ಹತ್ತಿರ ನಿಂತವರು ತಡೆಯಲಾರದೆ ಅಂದರು. "ಕಾಯೆಲ್ಲ ಒಣಗಿ ನಿಂತಿದೆ. ಇವತ್ತು ಮಳೆ ಬಂದ್ರೆ ಅಷ್ಟೂ ಬೀಜ ಸಿಡಿದು ಬೀದಿ ಪಾಲು."

ನನಗೆ ವಸಂತಪುರದ ಮೂವತ್ತು ವರ್ಷ ಹಳೆಯ ಎಂಜಲು ನೆನಪಾಯಿತು. ಮಳೆ ಬರುವ ಮೊದಲು ನಾವೇ ಮಳೆ ತಂದರೆ?

ಹಳೆಯ ಬಿಳಿ ದುಪ್ಪಟಿಯ ಎರಡು ಮೂಲೆಯನ್ನು ಕಿಟಕಿಯ ಮೇಲಿನ ಪರದೆ ಕಂಬಿಗೆ ಕಟ್ಟಿ ಕೋಣೆಯೊಳಗೆ ಡೇರೆಯ ಹಾಗೆ ಇಳಿಬಿಟ್ಟೆವು. ಇನ್ನೊಂದು ದುಪ್ಪಟಿಯನ್ನು ಕೋಲಿಗೆ ಸಿಕ್ಕಿಸಿ ಗ್ರಿಲ್ಲಿನ ಸಂದಿಯಿಂದ ಸಜ್ಜದ ಮೇಲೆ ತಳ್ಳಿ ಹಾಸಿದೆವು. ಶ್ರೀಧರ ಡೇರೆಯ ಕೆಳಗೆ ನಿಂತು ಅಂಚು ಹಿಡಿದುಕೊಂಡ. ಅತ್ತೆ ಬಚ್ಚಲಿನ ಚೊಂಬಿನಲ್ಲಿ ನೀರು ತಂದರು. ಸರಳಿನ ನಡುವಿಂದ ನಾನು ಗಿಡದ ಮೇಲೆ ನೀರು ಎರಚಿದೆ. ಏನೂ ಆಗಲಿಲ್ಲ.

"ನಿನ್ ಬಿ.ಎಸ್ಸಿ. ಇಷ್ಟೇನಾ?" ಅಂದ ಶ್ರೀಧರ.

ಟಪ್. ಬೀಜ ನೇರ ಅವನ ಬೋಳು ನೆತ್ತಿಗೆ. "ಅಯ್ಯೋ!" ಅಂದ. ಟಪ್, ಟಪಟಪ, ಮತ್ತೆ ಟಪ್. ಗಾಜಿಗೆ, ದುಪ್ಪಟಿಗೆ, ಮಂಚಕ್ಕೆ, ನನ್ನ ಕನ್ನಡಕಕ್ಕೆ. ಅತ್ತೆ ಇನ್ನೊಂದು ಚೊಂಬು ಎರಚಿ ಎಳೆ ಹುಡುಗಿಯ ಹಾಗೆ ಕೇಕೆ ಹಾಕಿದರು. ಎಷ್ಟೋ ವಾರದಿಂದ ನಗದಿದ್ದ ಮನೆಯಲ್ಲಿ ಮೂರು ಜನ ಹಾಸಿಗೆಯ ಕೆಳಗೆಲ್ಲ ತೆವಳಿ, ನಗುತ್ತಾ, ಒಬ್ಬರನ್ನೊಬ್ಬರು ತಳ್ಳುತ್ತಾ ಬೀಜ ಹೆಕ್ಕಿದೆವು. ಎದುರು ಮನೆಯಿಂದ ಅಂಕಲ್, "ಈಗೇನಾಯ್ತಮ್ಮಾ? ಕೊಡೆ ತರ್ಲಾ?" ಅಂತ ಕೂಗಿದರು.

ಬಾಲ್ಕನಿಯೊಳಗೆ, ಗೋಡೆಯ ಈಚೆಗೆ, ಕುಂಡಗಳು ಬಂದವು. ಬೀಗ ಮಾತ್ರ ಹಾಗೇ ಇತ್ತು. ನಾನಿದ್ದಾಗ ತೆಗೆಯುತ್ತಿದ್ದೆ, ಅತ್ತೆ ನೀರು ಹಾಕುವಾಗ ಹಿಂದೆ ನಿಂತಿರುತ್ತಿದ್ದೆ, ಅವರ ಸೆರಗಿನ ತುದಿ ಅವರಿಗೆ ಗೊತ್ತಾಗದ ಹಾಗೆ ಹಿಡಿದುಕೊಂಡು. ಗೊತ್ತಾಗುತ್ತಿತ್ತು ಅಂತ ಆಮೇಲೆ ತಿಳಿಯಿತು. ಮೊಳಕೆ ಬಂತು, ಎಲೆ ಬಂತು, ತಿಂಗಳುಗಳು ಹೋದವು. ಒಂದು ಬೆಳಿಗ್ಗೆ ಒಂದು ಗಿಡದಲ್ಲಿ ತೆನೆ ಬಿರಿದಿತ್ತು. ನಾಲ್ಕೈದು ಹೂವು, ಅದೇ ತಿಳಿ ಕೇಸರಿ. ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ, ಅಷ್ಟನ್ನೇ ಒಂದು ಬೆರಳುದ್ದ ಕಟ್ಟಿದರು. ತಮ್ಮ ಜಡೆಗೆ ಸಿಕ್ಕಿಸಿಕೊಂಡರು. ನಾನು ನೋಡುತ್ತಾ ನಿಂತೆ. ಅವರ ಸೆರಗಿನ ತುದಿ ಇನ್ನೂ ನನ್ನ ಕೈಯಲ್ಲೇ ಇತ್ತು.

"ಇನ್ನೂ ಹೆದರ್ತೀಯೇನೇ?"

"ಹೂಂ."

ಅತ್ತೆ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ನಾನೂ ಹೆದರಿದ್ದೆ ಕಣೇ ಆವತ್ತು. ಡಬ್ಬ ಬಿದ್ದಾಗ. ನೀನು ಹೆದ್ರುಕೋತೀಯ ಅಂತ ಕೊತ್ತಂಬರಿ ಕೇಳ್ದೋಳು ನಾನು, ಆಮೇಲೆ ಆಡಿದ್ದೆಲ್ಲ ನನ್ ಹೆದರಿಕೆ ಮುಚ್ಕೊಳಕ್ಕೆ. ಇನ್ನು ಹೋಗಲ್ಲ. ಬೀಗದ್ ಕೈ ಕೊಡು."

"ಅತ್ತೆ..."

"ಬೀಗ ಹಾಕಿದ್ಕೆ ಹೋಗ್ಲಿಲ್ಲ ಅಂತಾಗ್ಬಾರ್ದು. ನಾನೇ ಹೋಗ್ಲಿಲ್ಲ ಅಂತಾಗ್ಬೇಕು. ಕೊಡು."

ಬ್ಯಾಗಿನಿಂದ ತೆಗೆದು ಕೊಟ್ಟೆ. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಆಫೀಸಿಗೆ ಹೊತ್ತಾಯ್ತು, ಹೊರಡು," ಅಂದರು.

ಗೇಟು ದಾಟಿದೆ. ತಿರುಗಿ ನೋಡಬಾರದು ಅಂದುಕೊಂಡೆ. ಹತ್ತು ಹೆಜ್ಜೆಗೇ ನಿಂತೆ, ತಿರುಗಿದೆ. ಬಾಲ್ಕನಿಯಲ್ಲಿ ಅತ್ತೆ ಎರಡೂ ಕೈ ಗೋಡೆಯ ಮೇಲೂರಿ ನನ್ನನ್ನೇ ನೋಡುತ್ತಾ ಇದ್ದರು, ಅಲ್ಲಿ ತಿರುಗುತ್ತೇನೆ ಅಂತ ಮೊದಲೇ ಗೊತ್ತಿದ್ದವರ ಹಾಗೆ. ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದರು.

"ಈಚೆಗೇ ಇದೀನಿ ಕಣೇ, ಹೋಗು!"